ಕಾಸ್ತಿಗಾದೊ ಎಂದು ಬರೆದಿತ್ತು

ಚೆನ್ನೈನ ಗಿಂಡಿಯಲ್ಲಿರುವ ಪಂಪು ಕಾರ್ಖಾನೆಯಿಂದ ಆ ಹದಿನಾಲ್ಕು ಪುಟಗಳು ನನಗೆ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಪೆರು ದೇಶದ ಬೆಟ್ಟದ ಮೇಲಿನ ಒಂದು ತಾಮ್ರದ ಗಣಿಯ ಪಾಳಿಪುಸ್ತಕದ ಫೋಟೋಗಳು ಅವು. ಪ್ರತಿ ಪಾಳಿ ಮುಗಿದಾಗ ಅಲ್ಲಿನ ಮೇಸ್ತ್ರಿ ಏನೇನಾಯಿತೆಂದು ನಾಲ್ಕು ಸಾಲು ಬರೆದು ಸಹಿ ಹಾಕುವ ಪುಸ್ತಕ. ಸ್ಪ್ಯಾನಿಷ್ ಭಾಷೆ, ಅವಸರದ ಕೈಬರಹ, ಅಲ್ಲಲ್ಲಿ ಗ್ರೀಸಿನ ಬೆರಳಚ್ಚು. ಗುರುವಾರದೊಳಗೆ ಇಂಗ್ಲಿಷಿಗೆ ತಂದು, ಪ್ರತಿ ಪುಟಕ್ಕೂ ಸಹಿ ಹಾಕಿ ಮೊಹರು ಒತ್ತಿ ಕೊಡಬೇಕಿತ್ತು.

ಕಾರ್ಖಾನೆ ಆ ಗಣಿಗೆ ಎರಡು ದೊಡ್ಡ ಪಂಪುಗಳನ್ನು ಕಳಿಸಿತ್ತು. ಅರೆದ ಅದಿರನ್ನು ನೀರಿನ ಜೊತೆ ಕೆಸರಿನಂತೆ ಎಳೆದು ಮುಂದೆ ತಳ್ಳುವ ಪಂಪುಗಳು. ಅವನ್ನು ಕೂರಿಸಿ ಓಡಿಸಿ ತೋರಿಸಲು ಇಲ್ಲಿಂದ ಎರಡು ತಂಡಗಳು ಹೋಗಿ ಆರು ವಾರ ಅಲ್ಲಿದ್ದು ಬಂದಿದ್ದವು. ಅವರು ಮರಳಿದ ಮೇಲೆ ಎರಡನೇ ಪಂಪಿನ ಬೇರಿಂಗು ಸುಟ್ಟು, ಶಾಫ್ಟು ಮುರಿದುಹೋಯಿತು. ಕೂರಿಸಿದ್ದರಲ್ಲೇ ದೋಷವಿದೆ ಎಂದು ಗಣಿಯವರು ದೂರಿ ಪಾಳಿಪುಸ್ತಕದ ಫೋಟೋಗಳನ್ನು ಕಳಿಸಿದ್ದರು. ನನಗೆ ಇದಿಷ್ಟು ಗೊತ್ತಿತ್ತು.

ಹದಿನಾಲ್ಕು ಪುಟಗಳಲ್ಲಿ ಆರು ಕಡೆ ಒಂದೇ ಸಾಲು ಬರುತ್ತಿತ್ತು. 'ಎಕೀಪೊ 2 ಕಾಸ್ತಿಗಾದೊ. ಮೇಲಿನವರಿಗೆ ತಿಳಿಸಿದೆ.' ಕಾಸ್ತಿಗಾರ್ ಎಂಬುದು ಸ್ಪ್ಯಾನಿಷ್ ಕಲಿಯುವವರಿಗೆ ಮೊದಲ ವರ್ಷವೇ ಸಿಗುವ ಕ್ರಿಯಾಪದ. ದಂಡಿಸು, ಶಿಕ್ಷಿಸು. ತಾಯಿ ಮಗುವನ್ನು, ಮೇಷ್ಟ್ರು ವಿದ್ಯಾರ್ಥಿಯನ್ನು, ಕೋರ್ಟು ಅಪರಾಧಿಯನ್ನು. ಕಾಸ್ತಿಗಾದೊ ಎಂದರೆ ದಂಡನೆಗೆ ಒಳಗಾದದ್ದು. ಇನ್ನು ಎಕೀಪೊ ಎಂಬ ಪದಕ್ಕೆ ಎರಡು ಅರ್ಥ: ತಂಡ, ಇಲ್ಲವೆ ಯಂತ್ರಸಾಮಗ್ರಿ. ಯಾವುದೆಂದು ಸಂದರ್ಭ ನೋಡಿ ತೀರ್ಮಾನಿಸಬೇಕು. ಕಾರ್ಖಾನೆಯವರು ತಮ್ಮ ಕೆಲಸಕ್ಕೆಂದು ಒಂದು ಪದಪಟ್ಟಿ ಕೊಟ್ಟಿದ್ದರು. ಅದರಲ್ಲಿ ಎಕೀಪೊ ಎಂದರೆ ಟೀಮ್ ಎಂದೇ ಇತ್ತು. ಅವರ ಕಾಗದಗಳಲ್ಲಿ ಹೋದವರಿಗೆ 'ಟೀಮ್ 1', 'ಟೀಮ್ 2' ಎಂದೇ ಹೆಸರು. ಅದೂ ಅಲ್ಲದೆ ಮೇಸ್ತ್ರಿ ಪಂಪನ್ನು ಬೇರೆ ಕಡೆ 'ಬೋಂಬಾ' ಎಂದೇ ಕರೆದಿದ್ದ. ಹಾಗಾಗಿ ನನಗೆ ಅನುಮಾನ ಬರಲಿಲ್ಲ. ಟೀಮ್ 2 ದಂಡನೆಗೆ ಒಳಗಾಗಿದೆ ಎಂದು ಇಂಗ್ಲಿಷಿನಲ್ಲಿ ಆರು ಸಲ ಬರೆದೆ. ಮೂರನೇ ಸಲ ಬರೆಯುವಾಗ ಪಾಪ ಅನ್ನಿಸಿದ್ದು ನೆನಪಿದೆ. ಅಷ್ಟು ದೂರ ಹೋಗಿ ಏನು ಮಾಡಿಕೊಂಡರೋ ಎಂದುಕೊಂಡು ಮುಂದಿನ ಪುಟಕ್ಕೆ ಹೋದೆ. ಬುಧವಾರವೇ ಕೆಲಸ ಮುಗಿಯಿತು.

ಮೂರು ವಾರದ ನಂತರ ಕಾರ್ಖಾನೆಯ ಪರ್ಸನಲ್ ಮ್ಯಾನೇಜರು ಫೋನ್ ಮಾಡಿದರು. ಅವರು ಧಾರವಾಡದ ಕಡೆಯವರು, ಚೆನ್ನೈಗೆ ಬಂದು ಇಪ್ಪತ್ತು ವರ್ಷವಾದರೂ ನನ್ನ ಹತ್ತಿರ ಮಾತ್ರ ತಮ್ಮೂರಿನ ಮಾತನ್ನೇ ಆಡುವವರು.

"ಮೇಡಂ, ಮಂಗಳವಾರ ಒಂದ್ ತಾಸು ಬಂದು ಹೋಗ್ರಿ. ಒಂದು ಎನ್‌ಕ್ವೈರಿ ಐತಿ. ಟ್ರಾನ್ಸ್‌ಲೇಶನ್ ನಂದೇ ಅಂತ ಹೇಳಿ ಸಹಿ ಮಾಡಿದ್ರ ಆತು."

"ಯಾರ ಮೇಲೆ ಎನ್‌ಕ್ವೈರಿ?"

"ಟೀಮ್ ಟೂ ಲೀಡರ್ ಇದ್ನಲ್ರಿ, ನಮ್ ಹಿರೇ ಫಿಟ್ಟರು. ಅಲ್ಲಿ ಕಸ್ಟಮರ್ ಪನಿಶ್ ಮಾಡ್ಯಾನ. ಇಲ್ಲಿ ಬಂದು ಯಾರಿಗೂ ಹೇಳಿಲ್ಲ. ಸಸ್ಪೆಂಡ್ ಮಾಡೇವಿ."

ನಮ್ಮ ಮನೆಯಿರುವ ತಾಂಬರಂನಿಂದ ಗಿಂಡಿಗೆ ಲೋಕಲ್ ರೈಲಿನಲ್ಲಿ ನಿಂತೇ ಹೋದೆ. ಕಾರ್ಖಾನೆಯ ಮೇಲಿನ ಮಹಡಿಯ ಚಿಕ್ಕ ಕೋಣೆಯಲ್ಲಿ ವಿಚಾರಣೆ. ವಿಚಾರಣಾಧಿಕಾರಿ ಹೊರಗಿನಿಂದ ಬಂದ ನಿವೃತ್ತ ವಕೀಲರು. ಎದುರಿಗೆ ಐವತ್ತು ದಾಟಿದ ಒಬ್ಬ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಫೈಲು. ಮನೆ ತಿರುವೊಟ್ಟಿಯೂರಿನಲ್ಲಿ ಎಂದು ವಿಳಾಸ ಓದುವಾಗ ತಿಳಿಯಿತು. ಸಸ್ಪೆಂಡ್ ಆಗಿ ಹತ್ತೊಂಬತ್ತು ದಿನವಾಗಿತ್ತು.

ಅನುವಾದ ನನ್ನದೇ ಎಂದು ಒಪ್ಪಿಕೊಂಡೆ. ಆರೂ ಸಾಲುಗಳನ್ನು ಜೋರಾಗಿ ಓದಿಸಿದರು. ಓದಿ ಮುಗಿಸಿದ ಮೇಲೆ ಅಧಿಕಾರಿಗಳು, ನೀವೇನಾದರೂ ಕೇಳುವುದಿದ್ದರೆ ಕೇಳಿ ಎಂದು ಫಿಟ್ಟರಿಗೆ ಹೇಳಿದರು. ಅವರು ಎದ್ದು ನಿಂತು ನನ್ನನ್ನು ತಮಿಳಿನಲ್ಲಿ ಕೇಳಿದರು.

"ಮೇಡಂ, ನನ್ನನ್ನು ದಂಡಿಸಿದ್ದು ಯಾರು ಅಂತ ಬರೆದಿದೆಯಾ? ಹೆಸರು ಏನಾದರೂ?"

"ಇಲ್ಲ. ಹೆಸರಿಲ್ಲ."

"ಏನು ತಪ್ಪಿಗೆ ಅಂತ?"

"ಅದೂ ಇಲ್ಲ."

"ಏನು ದಂಡನೆ ಕೊಟ್ಟರು ಅಂತಾದರೂ? ಊಟ ನಿಲ್ಲಿಸಿದರಾ, ಸೈಟಿಗೆ ಬಿಡಲಿಲ್ಲವಾ?"

ನಾನು ಪುಟಗಳನ್ನು ಮತ್ತೆ ತಿರುವಿದೆ. "ಬರೆದಿಲ್ಲ."

"ಆರು ಸಲ ದಂಡಿಸಿದ್ದಾರೆ, ನನಗೆ ಒಂದು ಸಲವೂ ಗೊತ್ತಾಗಲಿಲ್ಲ" ಎಂದು ಹೇಳಿ ಕುಳಿತರು. ದನಿಯಲ್ಲಿ ಕೋಪವಿರಲಿಲ್ಲ. ಲೆಕ್ಕ ತಪ್ಪಿದ ಅಳತೆಯನ್ನು ಮತ್ತೆ ಹಿಡಿದು ನೋಡುವವರ ದನಿ ಅದು. ಮುಂದಿನ ಮಂಗಳವಾರಕ್ಕೆ ವಿಚಾರಣೆ ಮುಂದೂಡಿದರು.

ಮರಳುವಾಗ ರೈಲಿನಲ್ಲಿ ಸೀಟು ಸಿಕ್ಕಿತು. ಅವರು ಕೇಳಿದ ಮೂರು ಪ್ರಶ್ನೆಗಳೂ ನಾನು ಕೇಳಬೇಕಾಗಿದ್ದವು. ದಂಡಿಸಿದ್ದು ಯಾರು, ಯಾಕೆ, ಹೇಗೆ ಎಂದು ಹೇಳದೆ ಒಬ್ಬ ಮೇಸ್ತ್ರಿ ದಂಡನೆಯ ಸುದ್ದಿಯನ್ನು ಮಾತ್ರ ಬರೆದಿಡುವುದು ವಿಚಿತ್ರ. ಆದರೂ ನನಗೆ ಬೇರೆ ಅರ್ಥ ಹೊಳೆಯಲಿಲ್ಲ. ಮುಂದಿನ ಮೂರು ದಿನ ಬೇರೆ ಕೆಲಸ ಮಾಡಿಕೊಂಡೇ ಇದ್ದೆ, ಆದರೆ ಸರಿಯಾಗಿ ನಿದ್ದೆ ಬರಲಿಲ್ಲ.

ಶನಿವಾರ ಬೆಳಿಗ್ಗೆ ಅಮ್ಮನಿಗೆ ವ್ಯಾಯಾಮ ಮಾಡಿಸುತ್ತಿದ್ದೆ. ಅವಳಿಗೆ ಮಂಡಿಯ ಆಪರೇಷನ್ ಆಗಿ ಎರಡು ತಿಂಗಳಾಗಿತ್ತು. ಕಾಲನ್ನು ನೇರ ಮಾಡಿ ಎತ್ತುವುದು, ಇಳಿಸುವುದು, ದಿನಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ಇಪ್ಪತ್ತು. ನಾನು ಎಣಿಸಬೇಕು, ಇಲ್ಲದಿದ್ದರೆ ಅವಳು ಎಂಟಕ್ಕೇ ಇಪ್ಪತ್ತಾಯಿತು ಎನ್ನುತ್ತಾಳೆ.

"ಹದಿನಾಲ್ಕು" ಎಂದೆ.

"ಈ ವಯಸ್ಸಲ್ಲಿ ಇನ್ನೂ ಎಷ್ಟೂಂತ ಮೈ ದಂಡಿಸ್ಲಿ ನಾನು? ಪೋದುಂ" ಎಂದಳು. ಪೋದುಂ ಎಂದರೆ ಸಾಕು. ನಮ್ಮ ಮನೆಯ ಕನ್ನಡದಲ್ಲಿ ಅಜ್ಜಿಯ ಕಾಲದಿಂದಲೇ ತಮಿಳು ಹೀಗೆ ಬಂದು ಸೇರಿಕೊಂಡಿದೆ.

"ಇನ್ನು ಆರೇ ಅಮ್ಮ."

"ನೀನೂ ಅಷ್ಟೇ. ಬೆಳಿಗ್ಗೆಯಿಂದ ಆ ಕಂಪ್ಯೂಟರ್ ಮುಂದೆ ಕೂತು ಕಣ್ಣು ದಂಡಿಸ್ಕೊಂಡಿರ್ತೀಯ."

ಹದಿನೈದು ಎನ್ನುವುದಕ್ಕೆ ಬಾಯಿ ತೆರೆದವಳು ಹಾಗೇ ನಿಂತೆ. ಮೈ ದಂಡಿಸುವುದು. ಹುಟ್ಟಿದಾಗಿನಿಂದ ಕೇಳಿದ ಮಾತು. ಅಲ್ಲಿ ಅಪರಾಧವಿಲ್ಲ, ಶಿಕ್ಷೆ ಕೊಡುವವರಿಲ್ಲ. ದುಡಿಸಿ ದುಡಿಸಿ ಸೋತುಹೋಗುವ ಮೈ ಒಂದಿದೆ, ಅಷ್ಟೆ. ಅಮ್ಮ ಕಾಲನ್ನು ಅರ್ಧ ಎತ್ತಿ ಹಿಡಿದುಕೊಂಡು, "ಎಣಿಸ್ತೀಯೋ ಇಲ್ವೋ?" ಎಂದಳು. ಉಳಿದ ಆರನ್ನೂ ಎಣಿಸಿ ಮುಗಿಸಿ ಮೇಜಿನ ಹತ್ತಿರ ಹೋದೆ.

ದೊಡ್ಡ ನಿಘಂಟಿನಲ್ಲಿ ಕಾಸ್ತಿಗಾರ್ ಪದವನ್ನು ಇಪ್ಪತ್ತೈದು ವರ್ಷದಲ್ಲಿ ಒಮ್ಮೆಯೂ ನಾನು ತೆಗೆದು ನೋಡಿರಲಿಲ್ಲ. ಗೊತ್ತಿರುವ ಪದವನ್ನು ಯಾರು ನೋಡುತ್ತಾರೆ? ಮೊದಲ ಅರ್ಥ ನನಗೆ ಗೊತ್ತಿದ್ದದ್ದೇ. ಅದರ ಕೆಳಗೆ ಇಳಿಯುತ್ತ ಹೋದರೆ ನೋಯಿಸು, ಬಾಧಿಸು, ದೇಹವನ್ನು ದಂಡಿಸು. ಸವಾರನು ಕುದುರೆಯನ್ನು ಚಾಟಿಯಿಂದ ಓಡಿಸುವುದು. ಬರ ಬಂದು ಒಂದು ಸೀಮೆಯನ್ನು ಹಾಳುಮಾಡುವುದು. ನಂತರ ಯಂತ್ರ ರಿಪೇರಿಯವರ ಬರವಣಿಗೆಗಳನ್ನು ಹುಡುಕಿದೆ. ಹಳೆಯ ಕಾರು ಮಾರುವವರು, ಲಾರಿಯವರು, ಗಣಿಯವರು ಎಲ್ಲರೂ ಈ ಪದ ಬಳಸುತ್ತಿದ್ದರು. ಕಾಸ್ತಿಗಾದೊ ಆದ ಎಂಜಿನ್ ಎಂದರೆ ಸಿಕ್ಕಾಪಟ್ಟೆ ಓಡಿಸಿ ಹೈರಾಣಾಗಿಸಿದ ಎಂಜಿನ್. ಪಾಳಿಪುಸ್ತಕದ ಭಾಷೆ ಅದೇ ಜನರ ಭಾಷೆ. ಎಕೀಪೊ 2 ಎಂದರೆ ಎರಡನೇ ಪಂಪು, ಅದರ ಮೋಟಾರು, ಗೇರ್‌ಬಾಕ್ಸು ಎಲ್ಲ ಸೇರಿದ ಸೆಟ್ಟು. ಪಂಪು ಮಾತ್ರವಾದರೆ ಬೋಂಬಾ, ಇಡೀ ಸೆಟ್ಟಾದರೆ ಎಕೀಪೊ.

ಹೀಗೆ ಓದಬಹುದು ಎಂಬುದು ಖಚಿತ. ಹೀಗೇ ಓದಬೇಕು ಎನ್ನುವುದಕ್ಕೆ ಮಾತ್ರ ನನ್ನ ಹತ್ತಿರ ಪುರಾವೆ ಇರಲಿಲ್ಲ. ಸುಮ್ಮನಿದ್ದುಬಿಡಬಹುದು ಎಂಬ ಯೋಚನೆಯೂ ಬಂತು. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಪದಪಟ್ಟಿ ಅವರದೇ. ನಾನು ಅದರಂತೆ ಮಾಡಿದ್ದೇನೆ. ಆದರೆ ಸಹಿ ನನ್ನದು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೇ ಗಿಂಡಿಯಲ್ಲಿದ್ದೆ.

ಮ್ಯಾನೇಜರು ಕೇಳಿಸಿಕೊಂಡು ಕುರ್ಚಿಗೆ ಒರಗಿದರು.

"ನೀವು ಸಹಿ ಮಾಡಿ ಕೊಟ್ಟೀರಿ. ಈಗ ಬ್ಯಾರೆ ಅರ್ಥ ಐತಿ ಅಂದ್ರ ಮ್ಯಾಲಿನವ್ರಿಗೆ ನಾ ಏನಂತ ಹೇಳ್ಲಿ?"

"ನನ್ನಿಂದ ತಪ್ಪಾಗಿರಬಹುದು ಅಂತ ಹೇಳಿ."

"ಆಗಿರಬಹುದೋ, ಆಗೇತೋ?"

"ಅದನ್ನ ಖಚಿತ ಮಾಡ್ಕೊಳ್ಳೋಕೆ ಉಳಿದ ಪುಟ ಬೇಕು. ನನಗೆ ಹದಿನಾಲ್ಕೇ ಕೊಟ್ಟಿದ್ದೀರಿ. ಕೊನೇ ಪುಟದ ಮೂಲೆಯಲ್ಲಿ ಮೂವತ್ತೊಂದು ಅಂತ ನಂಬರ್ ಇದೆ."

"ನಮ್ಮವರು ಅಲ್ಲಿದ್ದ ದಿನದ್ದಷ್ಟೇ ತಗದು ಕಳಿಸಿದ್ವಿ. ಉಳಿದದ್ದು ಯಾಕ ಬೇಕು?"

"ಅವರು ಅಲ್ಲಿ ಇಲ್ಲದ ದಿನದ್ದೇ ಬೇಕಾಗಿರೋದು."

ಅವರು ಸರ್ವಿಸ್ ವಿಭಾಗಕ್ಕೆ ಫೋನ್ ಮಾಡಿದರು. ಅರ್ಧ ಗಂಟೆಯಲ್ಲಿ ಬಾಕಿ ಫೋಟೋಗಳು ಬಂದವು. ಅವರ ಮೇಜಿನ ಎದುರಿಗೇ ಕುಳಿತು ಒಂದೊಂದನ್ನೇ ದೊಡ್ಡದು ಮಾಡಿ ಓದಿದೆ. ಮೂವತ್ತೈದನೇ ಪುಟದಲ್ಲಿ ಆ ಸಾಲು ಸಿಕ್ಕಿತು. ಎಕೀಪೊ 2 ಕಾಸ್ತಿಗಾದೊ. ಮೂವತ್ತೆಂಟರಲ್ಲಿ ಮತ್ತೆ. ನಲವತ್ತೊಂದರಲ್ಲಿ, 'ಇನ್ನೂ ಕಾಸ್ತಿಗಾದೊ, ಬೇರಿಂಗು ಬಿಸಿ.' ಫಿಟ್ಟರ ಪಾಸ್‌ಪೋರ್ಟಿನ ನಕಲು ವಿಚಾರಣೆಯ ಫೈಲಿನಲ್ಲೇ ಇತ್ತು. ಮೂವತ್ತೈದನೇ ಪುಟ ಬರೆದ ದಿನ ಅವರು ಚೆನ್ನೈಗೆ ಬಂದಿಳಿದು ಐದು ದಿನವಾಗಿತ್ತು.

ಮ್ಯಾನೇಜರು ತಾರೀಖುಗಳನ್ನು ಬೆರಳಿಟ್ಟು ಎರಡು ಸಲ ನೋಡಿದರು. "ಇದು ನಮಗ ಛಲೋನ ಆತು. ಅವ್ರ ಮಷೀನ್ ಅವ್ರ ಕೆಡಿಸ್ಯಾರ ಅಂದಂಗಾತು" ಎಂದವರು ಫೈಲು ಮುಚ್ಚಿ, "ಆದ್ರ ಮೇಡಂ, ನಮಗ ಅನುಕೂಲ ಆದಾಗ ಅರ್ಥ ಬದಲಿ ಮಾಡಿದ್ರಿ ಅಂತ ಅವ್ರು ಅಂತಾರ. ಬರೆದವನ ಬಾಯಿಂದನ ಬರಬೇಕದು" ಎಂದರು.

ಅವರ ಮಾತು ನ್ಯಾಯವಾಗಿತ್ತು. ಅಂದು ಸಂಜೆ ಆರೂವರೆಗೆ, ಪೆರುವಿನಲ್ಲಿ ಬೆಳಿಗ್ಗೆ ಎಂಟಾಗಿದ್ದಾಗ, ವಿಡಿಯೋ ಕಾಲಿನಲ್ಲಿ ಆ ಪಾಳಿಯ ಮೇಸ್ತ್ರಿ ಸಿಕ್ಕರು. ಕಿತ್ತಳೆ ಬಣ್ಣದ ಜಾಕೆಟ್ಟು, ಚಳಿಗೆ ಬಿರಿದ ಕೆನ್ನೆ, ಹಿಂದೆ ತಗಡಿನ ಗೋಡೆ. ನಾನು ಮೊದಲೇ ಪ್ರಶ್ನೆ ಬರೆದುಕೊಂಡಿದ್ದೆ: ನೀವು ಕಾಸ್ತಿಗಾದೊ ಎಂದದ್ದು ಯಾವುದನ್ನು? ಮನುಷ್ಯರನ್ನೋ, ಯಂತ್ರವನ್ನೋ ಎಂದು ಕೇಳಿದರೆ ಉತ್ತರವನ್ನು ನಾನೇ ಬಾಯಿಗೆ ಹಾಕಿಕೊಟ್ಟಂತಾಗುತ್ತಿತ್ತು.

ಆದರೆ ಅವರ ಮುಖ ನೋಡಿದಾಗ ಇನ್ನೊಂದು ವಿಷಯ ತಲೆಗೆ ಬಂತು. ಯಂತ್ರವನ್ನು ಹದ ಮೀರಿ ಓಡಿಸಿದೆವು ಎಂದು ಈ ಮನುಷ್ಯ ಒಪ್ಪಿಕೊಂಡರೆ ಇಲ್ಲಿ ತಿರುವೊಟ್ಟಿಯೂರಿನ ಒಬ್ಬರ ಕೆಲಸ ಉಳಿಯುತ್ತದೆ. ಅಲ್ಲಿ ಇವರ ಕೆಲಸ? ಒಂದು ಪದದ ಅರ್ಥ ಹೇಳಿಬಿಡಿ ಎಂದು ಹಗುರವಾಗಿ ಕೇಳಿದರೆ ಅವರು ಹಗುರವಾಗಿಯೇ ಹೇಳಿಬಿಡಬಹುದು. ಎಂಥ ಬಲೆಗೆ ಬಿದ್ದೆನೆಂದು ಅವರಿಗೆ ಆಮೇಲೆ ತಿಳಿಯುತ್ತದೆ. ಬರೆದುಕೊಂಡ ಪ್ರಶ್ನೆಯನ್ನು ಪಕ್ಕಕ್ಕಿಟ್ಟೆ. ಮೊದಲು ನಾನು ಯಾರೆಂದು ಹೇಳಿದೆ. ನಿಮ್ಮ ಬರಹವನ್ನು ಅನುವಾದ ಮಾಡಿದವಳು, ಅದರಲ್ಲಿ ತಪ್ಪು ಮಾಡಿರಬಹುದು. ನೀವು ಕೊಡುವ ಉತ್ತರವನ್ನು ಇಲ್ಲಿ ಬರೆದುಕೊಳ್ಳುತ್ತಾರೆ, ಅದನ್ನು ನಿಮ್ಮ ಗಣಿಯ ವಿರುದ್ಧವೂ ಬಳಸಬಹುದು. ನಿಮ್ಮ ಮೇಲಿನವರನ್ನು ಕೇಳಿಕೊಂಡು ಆಮೇಲೆ ಉತ್ತರಿಸಬಹುದು, ಉತ್ತರಿಸದೆಯೂ ಇರಬಹುದು.

ಪಕ್ಕದಲ್ಲಿದ್ದ ಮ್ಯಾನೇಜರಿಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ. "ಏನ್ ಹೇಳಿದ್ರಿ ಅಷ್ಟುದ್ದ?" ಎಂದರು.

ಹೇಳಿದ್ದನ್ನೆಲ್ಲ ಕನ್ನಡದಲ್ಲಿ ಹೇಳಿದೆ. ಅವರ ಮುಖ ಗಂಟಿಕ್ಕಿತು. "ಅಷ್ಟೆಲ್ಲ ಯಾಕ ಹೇಳಬೇಕಿತ್ರೀ ಅವಗ? ಈಗ ಬಾಯಿ ಬಿಡ್ತಾನೇನ್ ಅಂವ?"

ಪರದೆಯಲ್ಲಿ ಮೇಸ್ತ್ರಿ ತಲೆ ತಗ್ಗಿಸಿ ಕೈಗವಸನ್ನು ಬೆರಳಿನಿಂದ ಬೆರಳಿಗೆ ಎಳೆದು ತೆಗೆಯುತ್ತಿದ್ದರು. ಎರಡೂ ಕೈಯದನ್ನು ತೆಗೆದು ಪಕ್ಕಕ್ಕಿಟ್ಟ ಮೇಲೆ ಕೇಳಿದರು.

"ಯಾವ ಸಾಲು, ಸೆನ್ಯೋರಾ?"

ಓದಿ ಹೇಳಿದೆ.

"ಎಕೀಪೊ 2. ಹೌದು, ನಾನೇ ಬರೆದದ್ದು. ಒಂದನೇ ಲೈನಿನ ಪೈಪು ರಿಪೇರಿಗೆ ನಿಂತುಹೋಗಿತ್ತು. ಎರಡರ ಭಾರವನ್ನೂ ಎರಡನೆಯದರ ಮೇಲೆ ಹಾಕಿದರು. ಶಾಫ್ಟನ್ನು ತಂಪಿಡಲು ಬಿಡಬೇಕಾದ ನೀರೂ ಸಾಕಷ್ಟು ಬರುತ್ತಿರಲಿಲ್ಲ. ಎರಡು ಹೇಸರಗತ್ತೆಗಳ ಹೊರೆಯನ್ನು ಒಂದರ ಮೇಲೆ ಹೇರಿ ಬೆಟ್ಟ ಹತ್ತಿಸಿದರೆ ಏನನ್ನುತ್ತೀರಿ? ಕಾಸ್ತಿಗಾದೊ ಅನ್ನುತ್ತೇವೆ."

"ಇದನ್ನು ಬರೆದುಕೊಳ್ಳಬಹುದೇ?"

"ಬರೆದುಕೊಳ್ಳಿ. ಮೇಲಿನವರಿಗೆ ತಿಳಿಸಿದೆ ಅಂತ ಪ್ರತಿ ಸಲವೂ ಬರೆದಿದ್ದೇನಲ್ಲ? ಯಾರಾದರೂ ಓದಲಿ ಅಂತಲೇ ಬರೆದದ್ದು. ಇಲ್ಲಿಯವರಿಗಿಂತ ಮೊದಲು ಭಾರತದವರು ಓದಿದರೆ ಅದು ನನ್ನ ತಪ್ಪಲ್ಲ."

ನಂತರ ನಾನು ಫಿಟ್ಟರ ವಿಷಯ ಹೇಳಿದೆ. ಅರ್ಥವಾದಾಗ ಅವರು ಕುರ್ಚಿಯಿಂದ ಎದ್ದೇ ನಿಂತರು. "ಅವರನ್ನು ಯಾರು ದಂಡಿಸುತ್ತಾರೆ? ಹೊರಡುವ ದಿನ ಅವರಿಗೆಂದು ನೆಲದಲ್ಲಿ ಗುಂಡಿ ತೋಡಿ ಕುರಿಮಾಂಸ ಬೇಯಿಸಿದ್ದೆವು. ಶುಕ್ರವಾರ ಅಂತ ಹೇಳಿ ಆ ಮನುಷ್ಯ ಬರೀ ಆಲೂಗಡ್ಡೆ ತಿಂದರು. ಹೋಗುವಾಗ ನೀರಿನ ವಾಲ್ವ್ ತೋರಿಸಿ, ಇದನ್ನು ನೋಡಿಕೊಳ್ಳಿ, ಇದನ್ನು ನೋಡಿಕೊಳ್ಳಿ ಅಂತ ಕೈಸನ್ನೆಯಲ್ಲಿ ಎಷ್ಟು ಸಲ ಹೇಳಿದರೋ."

ಮ್ಯಾನೇಜರಿಗೆ ಒಂದೊಂದು ವಾಕ್ಯವನ್ನೂ ಹೇಳುತ್ತ ಹೋದೆ. ಆಲೂಗಡ್ಡೆಯ ಮಾತು ಬಂದಾಗ ಅವರು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. "ಹೌದ್ರೀ, ಅಂವಾ ಶುಕ್ರವಾರ ಕ್ಯಾಂಟೀನಿನ್ಯಾಗೂ ತತ್ತಿ ಮುಟ್ಟಂಗಿಲ್ಲ" ಎಂದರು.

ಮಂಗಳವಾರ ವಿಚಾರಣಾಧಿಕಾರಿಗಳ ಮುಂದೆ ತಿದ್ದುಪಡಿಯ ಪತ್ರ ಇಟ್ಟೆ. ಅದರ ಜೊತೆ ನಿಘಂಟಿನ ಪುಟ, ಹೊಸ ಪುಟಗಳ ಅನುವಾದ, ಪಾಸ್‌ಪೋರ್ಟಿನ ತಾರೀಖು, ಮೇಸ್ತ್ರಿಯ ಹೇಳಿಕೆ. ಪತ್ರವನ್ನು ಜಾಗರೂಕತೆಯಿಂದ ಬರೆದಿದ್ದೆ. 'ಹೆಚ್ಚಿನ ದಾಖಲೆಗಳ ಪರಿಶೀಲನೆಯ ನಂತರ ಹಿಂದಿನ ಅನುವಾದವನ್ನು ಪರಿಷ್ಕರಿಸಲಾಗಿದೆ' ಎಂದಿತ್ತು. ಅಧಿಕಾರಿಗಳು ಕಾಲು ಗಂಟೆ ಓದಿದರು. ಆರೋಪಕ್ಕೆ ಆಧಾರವಿಲ್ಲ ಎಂದು ಬರೆಸಿದರು. ಫಿಟ್ಟರು ಮರುದಿನದಿಂದಲೇ ಕೆಲಸಕ್ಕೆ ಬರಬಹುದು ಎಂದಾಯಿತು. ಗಣಿಯವರೊಂದಿಗಿನ ಮಾತುಕತೆ ಇನ್ನೂ ಆರು ತಿಂಗಳು ಎಳೆಯಿತು. ಆ ಮೇಸ್ತ್ರಿ ಅಲ್ಲಿಯೇ ಇದ್ದಾರೆ ಎಂದು ಅನುವಾದಕ್ಕೆ ನನ್ನ ಹತ್ತಿರ ಬರುತ್ತಿದ್ದ ಪಾಳಿಪುಸ್ತಕದ ಹೊಸ ಪುಟಗಳ ಕೆಳಗಿನ ಸಹಿಯಿಂದ ನನಗೆ ಗೊತ್ತಾಗುತ್ತಿತ್ತು. ಕಾರ್ಖಾನೆ ನನ್ನನ್ನು ಬಿಡಲಿಲ್ಲ, ಆದರೆ ಅಂದಿನಿಂದ ನನ್ನ ಅನುವಾದಗಳನ್ನು ಇನ್ನೊಬ್ಬರಿಂದ ಓದಿಸಿಯೇ ತೆಗೆದುಕೊಳ್ಳುತ್ತಾರೆ. ಅದರಲ್ಲಿ ನನಗೆ ಬೇಸರವಿಲ್ಲ.

ವಿಚಾರಣೆ ಮುಗಿದು ಮೆಟ್ಟಿಲಿಳಿಯುತ್ತಿದ್ದಾಗ ಫಿಟ್ಟರು ಕೆಳಗೆ ಕಾಯುತ್ತಿದ್ದರು. ಬೈಸಿಕೊಳ್ಳಲು ಸಿದ್ಧವಾಗಿಯೇ ಹತ್ತಿರ ಹೋದೆ. ಅವರು ಬೈಯಲಿಲ್ಲ.

"ಮೇಡಂ, ಒಂದು ಕಾಗದ ತಮಿಳಿನಲ್ಲಿ ಬರೆದುಕೊಡುತ್ತೀರಾ? ಆಫೀಸಿನದು ಇಂಗ್ಲಿಷಿನಲ್ಲಿದೆ. ನಮ್ಮ ಬೀದಿಯಲ್ಲಿ ವಿಷಯ ಗೊತ್ತಾಗಿಹೋಗಿದೆ. ನನ್ನ ಹೆಂಡತಿ ನಲ್ಲಿಯ ಹತ್ತಿರ ಹೋಗುವುದನ್ನೇ ಬಿಟ್ಟಿದ್ದಾಳೆ. ಮಾವನವರು ಇದ್ದಾರೆ, ಅವರು ತಮಿಳು ಮಾತ್ರ ಓದುತ್ತಾರೆ."

ಕಾವಲುಗಾರನ ಮೇಜಿನ ಮೇಲೆ ನನ್ನ ಲೆಟರ್‌ಹೆಡ್ ಇಟ್ಟುಕೊಂಡು ಬರೆದೆ. ಪೆರು ದೇಶದಲ್ಲಿ ಇವರನ್ನು ಯಾರೂ ಯಾವ ಕಾರಣಕ್ಕೂ ದಂಡಿಸಿಲ್ಲ ಎಂದು ಎರಡು ವಾಕ್ಯ. ಸಹಿ ಹಾಕಿ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು.

"ದಂಡಿಸಿಲ್ಲ ಅಂತ ಬರೆದಿದ್ದೀರಿ. ತಪ್ಪು ಮಾಡಿ ತಪ್ಪಿಸಿಕೊಂಡವರಿಗೂ ಇದೇ ಮಾತು ಸಲ್ಲುತ್ತದೆ. ಇವರು ತಪ್ಪು ಮಾಡಿಲ್ಲ ಅಂತ ಬರೆಯಿರಿ."

"ಅಣ್ಣಾ, ನಾನು ಕಾಗದದಲ್ಲಿ ಏನಿದೆಯೋ ಅದನ್ನಷ್ಟೇ ಹೇಳಬಲ್ಲೆ. ನಿಮ್ಮ ಕೆಲಸ ನಾನು ನೋಡಿಲ್ಲ. ಅದನ್ನು ನಾನು ಬರೆದರೆ ಬೆಲೆ ಇರುವುದಿಲ್ಲ."

ಕಾರ್ಖಾನೆಯ ಒಳಗೆ ಪಾಳಿ ಬದಲಾಗುವ ಸೈರನ್ ಆಯಿತು. ಜನ ಹೊರಗೆ ಬರತೊಡಗಿದರು. ಕೆಲವರು ಫಿಟ್ಟರನ್ನು ಕಂಡು ಕೈಯೆತ್ತಿದರು, ಕೆಲವರು ನೋಡದವರಂತೆ ಹೋದರು.

"ತಪ್ಪು ಯಾರದು ಅಂತ ನಿಮಗೆ ಗೊತ್ತಿದೆಯಲ್ಲ" ಎಂದರು, ಮೊದಲಿನಷ್ಟೇ ಮೆಲ್ಲಗೆ. "ಅದನ್ನಾದರೂ ಬರೆಯಬಹುದಲ್ಲವಾ?"

ಕಾಗದವನ್ನು ಮತ್ತೆ ಮೇಜಿನ ಮೇಲೆ ಹರಡಿದೆ. ಸಹಿಯ ಕೆಳಗೆ ಜಾಗವಿತ್ತು. ಒಂದು ಸ್ಪ್ಯಾನಿಷ್ ಪದವನ್ನು ನಾನು ತಪ್ಪಾಗಿ ಓದಿದೆ, ಆ ತಪ್ಪಿನಿಂದ ಇವರು ಇಪ್ಪತ್ತಾರು ದಿನ ಮನೆಯಲ್ಲಿ ಕೂರಬೇಕಾಯಿತು, ತಪ್ಪು ನನ್ನದು ಎಂದು ಬರೆದು, ಅದರ ಕೆಳಗೆ ಇನ್ನೊಮ್ಮೆ ಸಹಿ ಹಾಕಿದೆ. ಅವರು ಓದಿ, ನಾಲ್ಕಾಗಿ ಮಡಿಸಿ, ಅಂಗಿಯ ಜೇಬಿನಲ್ಲಿಟ್ಟುಕೊಂಡು, ಬಸ್ ಸ್ಟಾಪಿನ ಕಡೆ ನಡೆದರು.